ಮುರು ಮೀನಿನ ಹೊಟ್ಟೆಯಲ್ಲಿ ಬಿಳಿ ಹುಳು: ಪ್ರತಿಕ್ರಿಯೆ

ಕಾಸರಗೋಡು ಮಾರ್ಕೆಟ್‌ನಿಂದ ತಂದ ಮುರು ಮೀನಿನ ಲಿವರ್ ಮೇಲೆ ಸುರುಳಿ ಸುತ್ತಿದ ಬಿಳಿ ಹುಳು ಇತ್ತು ಅಂದಿರಲ್ಲ, ಅದು ಬಹುತೇಕ ಅನಿಸಾಕಿಸ್ ಅನ್ನುವ ಪರಾವಲಂಬಿ ದುಂಡುಹುಳುವಿನ ಮರಿ. ಫೋಟೋ ನೋಡದೆ ನೂರಕ್ಕೆ ನೂರು ಹೇಳಲಾರೆ. ಮೀನು ಹಾಳಾಗಿ ಹುಟ್ಟಿದ್ದಂತೂ ಅಲ್ಲ, ಮಾರಿದವರ ಜೊತೆ ಸುಮ್ನೆ ಜಗಳ ಬೇಡ. ಸಿಗಡಿಯಂಥ ಸಣ್ಣ ಜೀವಿಗಳನ್ನು ಕಿರುಮೀನು ತಿನ್ನುತ್ತದೆ, ಕಿರುಮೀನನ್ನು ದೊಡ್ಡದು. ಹುಳುವೂ ಜೊತೆಗೇ ದಾಟುತ್ತದೆ. ಅದು ಬೆಳೆದು ಮೊಟ್ಟೆ ಇಡುವುದು ತಿಮಿಂಗಿಲ, ಡಾಲ್ಫಿನ್‌ಗಳ ಹೊಟ್ಟೆಯಲ್ಲಿ.

ಮೊದಲು ಕರುಳು, ಲಿವರ್ ಎಲ್ಲ ತೆಗೆದು ಬಿಸಾಡಿ. ತಡಮಾಡಿದರೆ ಹುಳು ಮಾಂಸಕ್ಕೆ ಇಳಿಯಬಹುದು. ಆಮೇಲೆ ಹೊಟ್ಟೆಯ ಪಕ್ಕದ ಮಾಂಸವನ್ನು ಬೆಳಕಿಗೆ ಹಿಡಿದು ನೋಡಿ, ಕಂಡದ್ದನ್ನು ಚಾಕುವಿನ ತುದಿಯಿಂದ ಎತ್ತಿ. ತುಂಡು ತೆಳುವಾಗಿರಲಿ. ಕುದಿಯುವ ಗಸಿಯಲ್ಲಿ ಚೆನ್ನಾಗಿ ಬೆಂದರೆ ಹುಳು ಸಾಯುತ್ತದೆ, ಒಳಗೆ 63 ಡಿಗ್ರಿ ಬಿಸಿ ತಲುಪಿದರೆ ಸಾಕು. ಎಚ್ಚರ ಬೇಕಾದ್ದು ಫ್ರೈಗೆ: ಹೊರಗೆ ಕೆಂಪು, ಒಳಗೆ ಹಸಿ ಆಗ್ತದೆ. ಉಪ್ಪು, ಹುಳಿ, ವಿನೆಗರ್ ನಂಬಬೇಡಿ. ಫ್ರೀಜರ್ ಆದರೆ ಮೈನಸ್ 20ರಲ್ಲಿ 7 ದಿನ. ಮನೆಯ ಫ್ರಿಜ್ ಎಷ್ಟೋ ಸಲ ಅಷ್ಟು ತಣ್ಣಗಾಗುವುದಿಲ್ಲ.

ಬೇಯಿಸಿ ತಿಂದರೂ ಕೆಲವರಿಗೆ ಅಲರ್ಜಿ ಆಗಬಹುದು. ಮೈಯಲ್ಲಿ ದದ್ದು ಎದ್ದರೆ, ಅಥವಾ ಅರೆಬೆಂದ ತುಂಡು ತಿಂದು ಹೊಟ್ಟೆನೋವು ಶುರುವಾದರೆ, ಡಾಕ್ಟರಿಗೆ ಮೀನಿನ ವಿಷಯ ಮೊದಲೇ ಹೇಳಿ.