ನಿಮ್ಮ ಅನಾಥೆಗೆ ಒಂದು ಊರು ಕೊಡಿ, ಒಂದು ಕಸುಬು ಕೊಡಿ

ನಮಸ್ಕಾರ.

ನೀವು ಕಳಿಸಿದ 'ಮಧ್ಯಯುಗದಲ್ಲಿ ನಾನು' ಲೇಖನ ಓದಿದೆ. ಯುರೋಪಿನ ಮಧ್ಯಯುಗವನ್ನು ಉಡುಪು, ಊಟ, ಕತ್ತಿವರಸೆಗಳಲ್ಲಿ ಮತ್ತೆ ಕಟ್ಟಿಕೊಳ್ಳುವ ಹವ್ಯಾಸಕ್ಕೆ ಹೊಸದಾಗಿ ಸೇರಿದವರು ತಮಗೊಂದು ಪಾತ್ರವನ್ನು ಹೇಗೆ ರೂಪಿಸಿಕೊಳ್ಳಬೇಕು ಅನ್ನುವುದು ನಿಮ್ಮ ವಿಷಯ. ಅದಕ್ಕೆ ನಿಮ್ಮದೇ ಪಾತ್ರದ ಉದಾಹರಣೆ ಕೊಟ್ಟಿದ್ದೀರಿ. ವಿಷಯ ಒಳ್ಳೆಯದು. ಭಾಷೆ ಸರಾಗವಾಗಿದೆ, ಎಲ್ಲೂ ತಡವರಿಸದೆ ಓದಿಸಿಕೊಳ್ಳುತ್ತದೆ. ಆದರೆ ಈಗಿರುವ ಹಾಗೆ ಇದನ್ನು ಅಚ್ಚು ಹಾಕಲಾರೆ. ಸಾಮಾನ್ಯವಾಗಿ ಎರಡು ಸಾಲಿನಲ್ಲಿ ಇಷ್ಟು ಹೇಳಿ ಮುಗಿಸುತ್ತೇನೆ. ನಿಮ್ಮ ಲೇಖನ ಓದಿ ಮುಗಿಸಿದ ಮೇಲೂ ಕಾಡುತ್ತಿದೆ, ಅದಕ್ಕೇ ಇಷ್ಟುದ್ದದ ಪತ್ರ.

ನನ್ನ ತಕರಾರು ಎರಡನೇ ಪ್ಯಾರಾದ ಮೇಲೆ. ಅದನ್ನೇ ಸಾಲು ಸಾಲಾಗಿ ನೋಡೋಣ.

"ಆ ಕಾಲದಲ್ಲಿ ನನ್ನ ತಂದೆ ಬೈಜಾಂಟಿಯಂ ಚಕ್ರವರ್ತಿಯ ಕಾವಲಿಗಿದ್ದ ವೈಕಿಂಗ್ ಯೋಧ." ಅಂಥವರು ನಿಜಕ್ಕೂ ಇದ್ದರು. ಬೈಜಾಂಟಿಯಂ ಅಂದರೆ ಪೂರ್ವ ರೋಮನ್ ಸಾಮ್ರಾಜ್ಯ. 988ರ ಸುಮಾರಿಗೆ ಎರಡನೇ ಬೆಸಿಲ್ ಚಕ್ರವರ್ತಿಯ ನೆರವಿಗೆ ಕೀವ್‌ನಿಂದ ಸಾವಿರಾರು ವೈಕಿಂಗ್ ಯೋಧರು, ಅಂದರೆ ಸ್ಕ್ಯಾಂಡಿನೇವಿಯಾ ಮೂಲದವರು, ಬಂದರು. ಚಕ್ರವರ್ತಿಯ ವರಾಂಗಿಯನ್ ಕಾವಲುಪಡೆ ಬೆಳೆದದ್ದು ಅಲ್ಲಿಂದ. ಈ ಸಾಲು ಸರಿ.

"ಆ ಕಾಲದಲ್ಲಿ ಇಂಗ್ಲೆಂಡಿಗೆ ಪ್ಲೇಗ್ ಬಂದು ನನ್ನ ಮನೆಯವರೆಲ್ಲ ಸತ್ತರು." ಪ್ಲೇಗ್ ಇಂಗ್ಲೆಂಡಿಗೆ ಕಾಲಿಟ್ಟದ್ದು 1348ರಲ್ಲಿ. ಇದೂ ಸರಿ. ಆದರೆ ವೈಕಿಂಗರ ಕಾಲ 1066ಕ್ಕೆ ಮುಗಿಯಿತು ಅಂತ ಸಾಮಾನ್ಯವಾಗಿ ಲೆಕ್ಕ ಹಿಡಿಯುತ್ತಾರೆ. ಅಲ್ಲಿಂದ ಪ್ಲೇಗಿಗೆ 280 ವರ್ಷಕ್ಕಿಂತ ಜಾಸ್ತಿ ಅಂತರ. ಅಪ್ಪ ಒಂದು ಯುಗದಲ್ಲಿದ್ದಾನೆ, ಮಗಳು ಇನ್ನೊಂದು ಯುಗದಲ್ಲಿ. ಬಿಡಿಬಿಡಿಯಾಗಿ ಎರಡೂ ಸಾಲು ನಿಜ. ಜೋಡಿಸಿದರೆ ಯಾರೂ ಬದುಕಿರಲು ಸಾಧ್ಯವಿಲ್ಲದ ಬದುಕು. ಈ ಬಿರುಕು ನಿಮ್ಮ ಕಣ್ಣಿಗೆ ಬೀಳದೆ ಹೋದದ್ದಕ್ಕೆ ಕಾರಣ "ಆ ಕಾಲದಲ್ಲಿ" ಅನ್ನುವ ಮಾತು. ಹೆಚ್ಚುಕಡಿಮೆ ಪ್ರತಿ ಪ್ಯಾರಾದಲ್ಲೂ ಅದಿದೆ. ಮಧ್ಯಯುಗ ಅಂದರೆ ಸುಮಾರು ಸಾವಿರ ವರ್ಷ. ಅಷ್ಟೂ ವರ್ಷ ಜನ ಒಂದೇ ಥರ ಉಟ್ಟು, ಉಂಡು, ಒಂದೇ ರಾಜನಿಗೆ ತೆರಿಗೆ ಕಟ್ಟಿದರಾ? ದಯವಿಟ್ಟು ಆ ಮಾತು ಬಂದ ಕಡೆಯೆಲ್ಲ ಹೊಡೆದುಹಾಕಿ. ಆ ಜಾಗದಲ್ಲಿ ಒಂದು ಇಸವಿ ಬರೆಯಿರಿ. ಬರೆಯಲು ಆಗದ ಕಡೆ ಓದುವುದು ಇನ್ನೂ ಬಾಕಿಯಿದೆ ಅಂತ ತಿಳಿಯಿರಿ.

ಮೂರನೇ ಸಾಲು. "ಆ ಕಾಲದಲ್ಲಿ ಹೆಂಗಸರಿಗೆ ಸ್ವಾತಂತ್ರ್ಯ ಇರಲಿಲ್ಲ. ಅನಾಥೆಯಾದ್ದರಿಂದ ನಾನು ಯಾರ ಹಂಗೂ ಇಲ್ಲದೆ ಕತ್ತಿ ಹಿಡಿದು ಊರೂರು ಸುತ್ತಿದೆ." ನನಗೆ ಸಿಟ್ಟು ಬಂದದ್ದು ಇಲ್ಲಿ. ಹೊಸಬರು ಕಳಿಸುವ ಪಾತ್ರಗಳಲ್ಲಿ ಬಹಳಷ್ಟು ಮಂದಿ ಅನಾಥರೇ. ಮನೆಮಂದಿಯನ್ನೆಲ್ಲ ಒಂದೇ ಸಾಲಿನಲ್ಲಿ ಸಾಯಿಸಿಬಿಟ್ಟರೆ ಅಪ್ಪನ ಕಸುಬು, ಅಮ್ಮನ ಊರು, ಅಣ್ಣನ ಸಾಲ ಯಾವುದನ್ನೂ ಹುಡುಕಬೇಕಾಗಿಲ್ಲ, ಅಲ್ವಾ? ಆದರೆ ಒಬ್ಬ ಮನುಷ್ಯ ಆ ಕಾಲದವನು ಅನ್ನಿಸುವುದೇ ಅವುಗಳಿಂದ. ಹೇಗೂ ಸುಳ್ಳು ಪಾತ್ರ, ಯಾರು ಕೇಳುತ್ತಾರೆ ಅಂತ ಅಂದುಕೊಳ್ಳಬೇಡಿ. ಪ್ಲೇಗಿನಲ್ಲಿ ಸತ್ತವರು ನಿಜವಾದ ಜನ. ಅವರ ಸಾವನ್ನು ಕಥೆಗೆ ತಂದ ಮೇಲೆ ಉಳಿದವರ ಗತಿ ಏನಾಯಿತು ಅಂತ ನೋಡುವುದು ನಮ್ಮ ಹೊಣೆ.

ಗತಿ ಏನಾಯಿತು ಅಂದರೆ, ದುಡಿಯುವ ಕೈಗಳಿಗೆ ಬರ ಬಂತು, ಕೂಲಿ ಏರಿತು. 1349ರಲ್ಲೇ ಮೂರನೇ ಎಡ್ವರ್ಡ್ ರಾಜನ ಆಜ್ಞೆ ಹೊರಬಿತ್ತು. ಅರವತ್ತರೊಳಗಿನ, ಮೈಯಲ್ಲಿ ಕಸುವಿದ್ದು ಸ್ವಂತ ಜಮೀನಾಗಲಿ ಕಸುಬಾಗಲಿ ಇಲ್ಲದ ಗಂಡಸು ಹೆಂಗಸು ಯಾರೇ ಇರಲಿ, ಕರೆದವರ ಹತ್ತಿರ ಪ್ಲೇಗಿಗೆ ಮುಂಚಿನ ಕೂಲಿಗೇ ದುಡಿಯಬೇಕು. ಒಪ್ಪದಿದ್ದರೆ ಸೆರೆಮನೆ. ನಿಮ್ಮ ಹುಡುಗಿಗೆ ಜಮೀನಿಲ್ಲ, ಕಸುಬಿಲ್ಲ, ಪರವಾಗಿ ನಿಂತು ಮಾತಾಡುವ ನೆಂಟರಿಲ್ಲ. ಅವಳಿಗೆ ಹಂಗಿಲ್ಲ ಅಂತ ನೀವು ಬರೆದಿದ್ದೀರಿ. ಆ ಆಜ್ಞೆಯ ಮುಂದೆ ಅವಳಷ್ಟು ಅಸಹಾಯಕಳು ಇನ್ನೊಬ್ಬಳಿಲ್ಲ.

ತನ್ನ ಬದುಕನ್ನು ತಾನೇ ನಡೆಸುವ ಹೆಂಗಸು ಬೇಕು ಅನ್ನುವ ನಿಮ್ಮ ಆಸೆ ನನಗೆ ಅರ್ಥವಾಗುತ್ತದೆ. ಅವಳನ್ನು ಅನಾಥೆ ಮಾಡುವ ಬದಲು ವಿಧವೆ ಮಾಡಿ. 1377ನೇ ಇಸವಿ, ಯಾರ್ಕ್ ನಗರ, ಮೂವತ್ತೈದು ವಯಸ್ಸು. ಪ್ಲೇಗ್ ಬಂದಾಗ ಆರೇಳು ವರ್ಷದವಳು, ಹಾಗಾಗಿ ನೆನಪಿದೆ. ಅದೇ ರೋಗ 1361ರಲ್ಲಿ, 1369ರಲ್ಲಿ ಇಂಗ್ಲೆಂಡಿಗೆ ಮತ್ತೆ ಬಂತು. ಗಂಡ 1369ರಲ್ಲಿ ತೀರಿಕೊಂಡ ಅನ್ನಿ. ಆಗ ಅವನ ಜಮೀನಿನ ಮೂರನೇ ಒಂದು ಪಾಲಿನ ಮೇಲೆ ಅವಳ ಜೀವಮಾನದ ಹಕ್ಕನ್ನು ಕಾನೂನೇ ಒಪ್ಪುತ್ತಿತ್ತು. ಗಂಡನ ಕಸುಬನ್ನು ಮುಂದುವರಿಸಿದ ವಿಧವೆಯರು ಎಷ್ಟೋ ಮಂದಿ.

ಇಲ್ಲವೇ ಅವಳದೇ ಕಸುಬು ಕೊಡಿ, ಏಲ್ ಅನ್ನುವ ಬಾರ್ಲಿ ಮದ್ಯ ಕಾಯಿಸುವುದು. ಆಗ ಆ ಕೆಲಸದಲ್ಲಿ ಹೆಂಗಸರೇ ಹೆಚ್ಚು. ಬಾರ್ಲಿಯನ್ನು ಮೊಳಕೆ ಬರಿಸಿ, ಒಣಗಿಸಿ, ಒಡೆದು, ಬಿಸಿನೀರಿಗೆ ಹಾಕಿ, ಸೋಸಿ, ಹುದುಗಿಸಬೇಕು. ಹಾಪ್ಸ್ ಅನ್ನುವ ಕಹಿ ಹೂ ಹಾಕಿದ ಬಿಯರ್ ಇಂಗ್ಲೆಂಡಿನಲ್ಲಿ ಇನ್ನೂ ಬೇರು ಬಿಟ್ಟಿರಲಿಲ್ಲ. ಹಾಪ್ಸ್ ಇಲ್ಲದ ಏಲ್ ಕೆಲವೇ ದಿನಕ್ಕೆ ಹುಳಿಯಾಗುತ್ತದೆ. ಹಾಗಾಗಿ ಮತ್ತೆ ಮತ್ತೆ ಕಾಯಿಸಬೇಕು, ಬೇಗ ಮಾರಬೇಕು. ಮಾರಾಟಕ್ಕಿದೆ ಅಂತ ತಿಳಿಯಲು ಬಾಗಿಲ ಹೊರಗೆ ಒಂದು ಕೋಲು ಚಾಚಬೇಕು. ಅಧಿಕಾರಿ ಬಂದು ರುಚಿ ನೋಡುತ್ತಾನೆ, ಅಳತೆ ಪಾತ್ರೆಗಳನ್ನು ನೋಡುತ್ತಾನೆ. ದಂಡ ಬೀಳುತ್ತದೆ. ಆ ದಂಡ ಎಷ್ಟು ಮಾಮೂಲಿಯಾಗಿತ್ತೆಂದರೆ ಎಷ್ಟೋ ಕಡೆ ಅದೇ ಪರವಾನಗಿ ಶುಲ್ಕದಂತೆ ನಡೆಯುತ್ತಿತ್ತು. ಮೇಲೆ ಆ ವರ್ಷ ಹದಿನಾಲ್ಕು ದಾಟಿದ ಪ್ರತಿಯೊಬ್ಬರಿಗೂ ನಾಲ್ಕು ಪೆನ್ನಿ ತಲೆಗಂದಾಯ. ಭಿಕ್ಷುಕರಿಗೆ ವಿನಾಯಿತಿ. ಇವಳಿಗೆ ಕತ್ತಿಯೇ ಬೇಕಾಗಿಲ್ಲ. ಬೆಳಗ್ಗೆಯಿಂದ ರಾತ್ರಿವರೆಗೆ ಅವಳ ಎದುರಿಗೆ ಬೇಕಾದಷ್ಟು ಜನ ನಿಂತಿದ್ದಾರೆ.

ನಾನು ಈ ಕೆಲಸಕ್ಕೆ ಸೇರಿದ ಹೊಸತರಲ್ಲಿ ಕರಡು ತಿದ್ದುವ ಮೇಜಿನಲ್ಲಿ ಒಬ್ಬ ಹಿರಿಯರಿದ್ದರು. ಚಾರಿತ್ರಿಕ ಕಥೆ ಯಾವುದೇ ಬರಲಿ, ಪೆನ್ಸಿಲ್ ತೆಗೆದು ಮೊದಲ ಪುಟದ ಅಂಚಿನಲ್ಲಿ "ಇವನ ಹೊಟ್ಟೆಪಾಡು ಏನು?" ಅಂತ ಬರೆಯುತ್ತಿದ್ದರು. ಉತ್ತರ ಕಥೆಯೊಳಗೆ ಸಿಕ್ಕರೆ ಮಾತ್ರ ಎರಡನೇ ಪುಟ ತಿರುವುತ್ತಿದ್ದರು. ಒಮ್ಮೆ ಹಳೆಯ ಉಯಿಲೊಂದರ ಪ್ರತಿ ನನ್ನ ಕೈಗಿಟ್ಟರು. "ಇದರಲ್ಲಿರೋ ಸಾಮಾನು ಬಿಟ್ಟು ಬೇರೆ ಏನೂ ಮುಟ್ಟದೆ ಈ ಮನುಷ್ಯನ ಒಂದು ದಿನ ಬರಿ ನೋಡೋಣ" ಅಂದರು. ಅದರಲ್ಲಿ ಇದ್ದದ್ದು ಎರಡು ಹಿತ್ತಾಳೆ ಪಾತ್ರೆ, ಒಂದು ಹಾಸಿಗೆ, ಒಂದು ಒಳ್ಳೆಯ ಅಂಗಿ, ಒಂದು ಮಾಮೂಲಿ ಅಂಗಿ. ಸಂಜೆವರೆಗೂ ಸುಮ್ನೆ ನೋಡುತ್ತಾ ಕೂತೆ. ಹಾಸಿಗೆ ಮಗಳಿಗೆ ಹೋಗಿದೆ, ಮಗನಿಗೆ ಯಾಕಿಲ್ಲ? ಒಳ್ಳೆಯ ಅಂಗಿ ಪಕ್ಕದ ಮನೆಯವನಿಗೆ ಯಾಕೆ? ಬಡ ನೆರೆಯವನೋ, ಋಣ ಇತ್ತೋ? ಬರೆಯುವುದಕ್ಕೆ ಅಲ್ಲಿಂದ ದಾರಿ ಸಿಕ್ಕಿತು. ಅವರು ಕಲಿಸಿದ ಈ ಒಂದು ಪಾಠದಿಂದಲೇ ಇವತ್ತಿಗೂ ನನ್ನ ಕೆಲಸ ನಡೆಯುತ್ತಿದೆ. ಯಾರ್ಕ್ ಜನರ ಉಯಿಲುಗಳೂ ಉಳಿದಿವೆ. ಪಾತ್ರೆ, ಹಾಸಿಗೆ, ಅಂಗಿ, ಯಾರಿಗೆ ಯಾವುದು ಅನ್ನುವುದೆಲ್ಲ ಅವುಗಳಲ್ಲಿದೆ. ನೀವೂ ಒಂದನ್ನು ಹಿಡಿದು ಕೂತು ನೋಡಿ.

ಹೆಸರಿನ ಬಗ್ಗೆ ಒಂದೇ ಮಾತು. ಅದರ ಮುಂದಿರುವ "ಕೌಂಟೆಸ್" ಅನ್ನುವ ಕುಲೀನ ಬಿರುದನ್ನು ತೆಗೆಯಿರಿ. 1966ರಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ಶುರುವಾದ ಸೊಸೈಟಿ ಫಾರ್ ಕ್ರಿಯೇಟಿವ್ ಅನಾಕ್ರೊನಿಸಂ ಅನ್ನುವ ಇದೇ ಹವ್ಯಾಸದ ಸಂಘದಲ್ಲಿ ಇಂಥ ಬಿರುದನ್ನು ಗಳಿಸಿಕೊಳ್ಳಬೇಕು. ಹೊಸಬರು ತಾವೇ ಇಟ್ಟುಕೊಳ್ಳುವಂತಿಲ್ಲ. ಆಲಿಸ್, ಆಗ್ನೆಸ್, ಜೋನ್ ಆಗ ಮನೆಮನೆಯಲ್ಲಿದ್ದ ಹೆಸರುಗಳು. ಒಂದನ್ನು ಆರಿಸಿ, ಜೊತೆಗೆ ಕಸುಬಿನ ಹೆಸರೋ ಊರಿನ ಹೆಸರೋ ಇರಲಿ. ಆಲೂಗಡ್ಡೆ ಸಾರಿನ ಸಾಲನ್ನು ನಾನೇ ತೆಗೆಯುತ್ತೇನೆ. ಅಮೆರಿಕದಿಂದ ಆಲೂಗಡ್ಡೆ ಬಂದದ್ದು 1492ರ ನಂತರ.

ಕೊನೆಯ ಪುಟದಲ್ಲಿ, ಉಣ್ಣೆ ಬಟ್ಟೆಯಲ್ಲಿ ಉದ್ದ ಬಾಲದ ಟೊಪ್ಪಿಗೆ ಹೊಲಿದ ನಾಲ್ಕು ಸಾಲು ಇವೆ. ಕುತ್ತಿಗೆಯ ಪಕ್ಕದಲ್ಲಿ ತ್ರಿಕೋನ ತುಂಡು ಸೇರಿಸದಿದ್ದರೆ ಭುಜದ ಮೇಲೆ ಎಳೆಯುತ್ತದೆ, ಅಂಚಿನ ದಾರ ಬಿಟ್ಟುಕೊಳ್ಳುತ್ತದೆ ಅಂತ ಬರೆದಿದ್ದೀರಿ. 1921ರಲ್ಲಿ ಗ್ರೀನ್‌ಲ್ಯಾಂಡಿನ ಹೆರ್ಯೋಲ್ಫ್ಸ್ನೆಸ್‌ನ ಮಧ್ಯಯುಗದ ಸಮಾಧಿಗಳನ್ನು ಅಗೆದಾಗ ಅಂಥ ಟೊಪ್ಪಿಗೆಗಳೇ ಸಿಕ್ಕಿದವು, ತ್ರಿಕೋನ ತುಂಡುಗಳ ಸಮೇತ. ನಿಮ್ಮ ಕೈಗೆ ತಿಳಿದದ್ದು ಆ ದರ್ಜಿಗೂ ತಿಳಿದಿತ್ತು. ಆ ನಾಲ್ಕು ಸಾಲಿನಲ್ಲಿ "ಆ ಕಾಲದಲ್ಲಿ" ಒಂದು ಸಲವೂ ಬಂದಿಲ್ಲ, ಗಮನಿಸಿ. ಅದಕ್ಕೇ ನಿಮ್ಮ ಲೇಖನವನ್ನು ಪಕ್ಕಕ್ಕಿಡಲು ಮನಸ್ಸಾಗಲಿಲ್ಲ.

ಟೊಪ್ಪಿಗೆ ಹೊಲಿದವರೇ ಎರಡನೇ ಪ್ಯಾರಾವನ್ನು ಹೊಸದಾಗಿ ಬರೆಯಲಿ. ಯುದ್ಧ, ಅಪಹರಣ ಏನೂ ಬೇಡ. ಅವಳು ಏಲ್ ಕಾಯಿಸಿ ಮಾರುವ ಒಂದು ದಿನ ಸಾಕು. ಬಾರ್ಲಿ ಯಾರ ಹತ್ತಿರ ಕೊಂಡಳು, ನೀರು ಎಲ್ಲಿಂದ ತಂದಳು, ಸಾಲ ಯಾರಿಗೆ ಕೊಡಬೇಕು, ದಂಡ ಹಾಕಿದವನ ಜೊತೆ ಏನು ಮಾತಾಡಿದಳು, ಇವಿಷ್ಟು ಬರಲಿ. ಒಂದು ಪುಟ ಮೀರದಿರಲಿ. ಮೊದಲು ಅದನ್ನು ಮಾತ್ರ ಕಳಿಸಿ. ಉಳಿದದ್ದನ್ನು ಆಮೇಲೆ ಕೂತು ನೋಡೋಣ.