ಸೈಕಲ್ ಕಟ್ಟೆ: ಗುಡ್ಡದಲ್ಲಿ ಬಿದ್ದ ರೋಡ್ ಸವಾರ

ಪ್ರಶ್ನೆ: ನನಗೆ 34 ವರ್ಷ. ಆರು ವರ್ಷದಿಂದ ರೋಡ್ ಬೈಕ್ ಓಡಿಸುತ್ತಿದ್ದೇನೆ. ಭಾನುವಾರ ಬೆಳಿಗ್ಗೆ ಶಿವಮೊಗ್ಗದಿಂದ ಮಂಡಗದ್ದೆಗೆ ಹೋಗಿ ಬರುವುದು ರೂಢಿ. ಗಂಟೆಗೆ ಸರಾಸರಿ 27 ಕಿ.ಮೀ. ಹೋದ ತಿಂಗಳು ಹೊಸನಗರದ ಹತ್ತಿರ ಭಾವನ ಮನೆಗೆ ಹೋಗಿದ್ದೆ. ಅವರ ಮಗನ ಮೌಂಟೇನ್ ಬೈಕ್ ಹತ್ತಿ ತೋಟದ ಹಿಂದಿನ ಗುಡ್ಡಕ್ಕೆ ಹೊರಟೆ. ಪಕ್ಕದ ಮನೆಯ ಸೈಕಲ್ ತಗೊಂಡು ಅವನೂ ಬಂದ. ನಾಲ್ಕು ಕಿ.ಮೀ.ಗೆ ಮುಕ್ಕಾಲು ಗಂಟೆ ಹಿಡಿಯಿತು. ಮೂರು ಸಲ ಬಿದ್ದೆ. ಹದಿನೈದು ವರ್ಷದ ಆ ಹುಡುಗ ನಗುತ್ತಾ ಇಳಿದು ಹೋದ. ಏರಿನಲ್ಲಿ ಹಿಂದಿನ ಚಕ್ರ ನಿಂತಲ್ಲೇ ತಿರುಗುತ್ತದೆ. ಇಳಿಜಾರಿನಲ್ಲಿ ಕೈ ಮರಗಟ್ಟುತ್ತದೆ. ನನ್ನ ತಪ್ಪೇನು? ಈ ವಯಸ್ಸಿನಲ್ಲಿ ಇದೆಲ್ಲ ಬೇಕಾ?
– ರೋಡ್ ಸವಾರ, ವಿನೋಬನಗರ, ಶಿವಮೊಗ್ಗ

ಉತ್ತರ: ಮೂರೇ ಸಲವಾ? ಹಾಗಾದರೆ ನೀವು ನನಗಿಂತ ವಾಸಿ. ನಾನು ಮೊದಲ ಸಲ ಗುಡ್ಡಕ್ಕೆ ಹೋದಾಗ 46 ದಾಟಿತ್ತು. 200 ಕಿ.ಮೀ. ಬ್ರೆವೆ ಎಂಬ ದೂರದ ಸವಾರಿಯನ್ನು ಹದಿಮೂರೂವರೆ ಗಂಟೆಯ ಗಡುವಿನೊಳಗೆ ಮುಗಿಸಿದ ಜಂಬ ಬೇರೆ. ನಮ್ಮ ಸೊಪ್ಪಿನ ಬೆಟ್ಟದಿಂದ ತೋಟಕ್ಕೆ ಇಳಿಯುವ ಗಾಡಿ ದಾರಿಯ ತಿರುವಿನಲ್ಲಿ ಸೈಕಲ್ ಸಮೇತ ಅಗಳಕ್ಕೆ ಬಿದ್ದೆ. ಅಡಿಕೆ ಮರದ ಮೇಲಿದ್ದ ಕೊನೆಗಾರ ಅಲ್ಲಿಂದಲೇ ಕೇಳಿದ, 'ಬ್ರೇಕ್ ಇಲ್ವಾ ಅಯ್ಯಾ?' ಬ್ರೇಕ್ ಇತ್ತು. ಒಣ ಎಲೆಯ ದರಕಿನ ಮೇಲೆ ತಿರುಗುವಾಗ ಮುಂದಿನ ಬ್ರೇಕ್ ಒತ್ತಿ ಹಿಡಿದಿದ್ದೇ ಎಡವಟ್ಟಾಗಿತ್ತು.

ನಿಮ್ಮ ಕಾಲಿನಲ್ಲಿ ಶಕ್ತಿ ಇದೆ, ಅದರ ಚಿಂತೆ ಬಿಡಿ. ರಸ್ತೆ ಕಲಿಸಿದ ಅಭ್ಯಾಸಗಳೇ ಗುಡ್ಡದಲ್ಲಿ ಕಾಲೆಳೆಯುತ್ತವೆ. ಏರು ಬಂದರೆ ಎದ್ದು ನಿಂತು ತುಳಿಯುತ್ತೀರಿ, ಅಲ್ವಾ? ಆಗುಂಬೆ ಘಾಟಿಯ ಡಾಂಬರಿನಲ್ಲಿ ಅದು ಸರಿ. ಗರಸು ಮಣ್ಣಿನ ದಾರಿಯಲ್ಲಿ ನಿಂತ ಕೂಡಲೇ ಭಾರ ಮುಂದಕ್ಕೆ ಹೋಗುತ್ತದೆ. ಹಿಂದಿನ ಚಕ್ರ ಹಗುರಾಗುತ್ತದೆ, ಹಿಡಿತ ಬಿಟ್ಟು ಗಿರಗಿರ ತಿರುಗುತ್ತದೆ. ಅದಕ್ಕೇ ಕೂತೇ ಹತ್ತಿ. ಸೀಟಿನ ಮೂತಿಗೆ ಸರಿದು, ಮೊಣಕೈ ಬಗ್ಗಿಸಿ, ಎದೆ ಹ್ಯಾಂಡಲ್ ಕಡೆ ತನ್ನಿ. ಏರು ಶುರುವಾಗುವ ಮೊದಲೇ ಹಗುರ ಗೇರಿಗೆ ಬನ್ನಿ. ಈಗಿನ ಮೌಂಟೇನ್ ಬೈಕಿನಲ್ಲಿ ಮುಂದೆ 32 ಹಲ್ಲು, ಹಿಂದೆ 51 ಹಲ್ಲಿನ ದೊಡ್ಡ ಗೇರ್ ಚಕ್ರ ಇರುವುದು ಸಾಮಾನ್ಯ. ಆ ಗೇರಿನಲ್ಲಿ ಪೆಡಲ್ ಪೂರ್ತಿ ಒಂದು ಸುತ್ತು ಬಂದರೂ ಚಕ್ರ ಮುಕ್ಕಾಲು ಸುತ್ತು ತಿರುಗುವುದಿಲ್ಲ. ನಿಮ್ಮ ರೋಡ್ ಬೈಕಿನ ಅತಿ ಹಗುರ ಗೇರೂ ಚಕ್ರವನ್ನು ಒಂದು ಸುತ್ತಿಗಿಂತ ಜಾಸ್ತಿ ತಿರುಗಿಸುವಂಥದ್ದೇ ಇರಬೇಕು. ನಡೆಯುವ ವೇಗದಲ್ಲಿ ಒಂದೇ ಸಮ ತುಳಿಯುವುದಕ್ಕೆ ಬೇರೆ ತಾಳ್ಮೆ ಬೇಕು.

ಇಳಿಯುವಾಗ ಮಾತ್ರ ಕೂರಬೇಡಿ. ಎರಡೂ ಪೆಡಲ್ ನೆಲಕ್ಕೆ ಸಮವಾಗಿರಲಿ, ಒಂದು ಕೆಳಗಿದ್ದರೆ ಕಲ್ಲಿಗೆ ಬಡಿಯುತ್ತದೆ. ಮೊಣಕಾಲು, ಮೊಣಕೈ ಬಗ್ಗಿರಲಿ. ಹಿಮ್ಮಡಿ ಸ್ವಲ್ಪ ಕೆಳಗೆ, ಸೊಂಟ ಸ್ವಲ್ಪ ಹಿಂದೆ. ಖಾಲಿ ಎತ್ತಿನ ಗಾಡಿಯಲ್ಲಿ ನಿಂತು ಹೋಗಿದ್ದೀರಾ? ಮಂಡಿ ಸೆಟೆದು ನಿಂತವನು ಮೊದಲ ಹೊಂಡಕ್ಕೇ ಮುಗ್ಗರಿಸುತ್ತಾನೆ. ಇದೂ ಹಾಗೇ. ಸೈಕಲ್ ಕೆಳಗೆ ಕುಣಿಯುತ್ತಿರಲಿ, ನೀವು ಮೇಲೆ ಸುಮ್ನಿರಿ. ಕೈ ಮರಗಟ್ಟಿದ್ದು ಹ್ಯಾಂಡಲ್ ಹಿಸುಕಿ ಹಿಡಿದಿದ್ದಕ್ಕೆ. ಡಿಸ್ಕ್ ಬ್ರೇಕಿಗೆ ಒಂದು ಬೆರಳು ಸಾಕು, ಉಳಿದವು ಹಿಡಿಯ ಮೇಲೆ ಸಡಿಲವಾಗಿರಲಿ. ಇಳಿಯುವ ಮೊದಲು ಸೀಟನ್ನು ಎರಡು ಇಂಚು ತಗ್ಗಿಸಿದರೆ ಅರ್ಧ ಹೆದರಿಕೆ ಅಲ್ಲೇ ಹೋಗುತ್ತದೆ. ತಿರುವಿಗೆ ಮೊದಲು, ನೆಟ್ಟಗಿರುವಾಗಲೇ ಎರಡೂ ಬ್ರೇಕ್ ಹಿಡಿದು ವೇಗ ಇಳಿಸಿ. ತಿರುವಿನೊಳಗೆ ಬಿಟ್ಟುಬಿಡಿ.

ಇನ್ನು ಕಣ್ಣು. ಅಡಿಕೆ ದಬ್ಬೆಯ ಸಂಕ ದಾಟುವಾಗ ಅಜ್ಜಿ ಏನು ಹೇಳುತ್ತಿದ್ದರು? ಕಾಲು ನೋಡಬೇಡ, ಆಚೆ ದಡ ನೋಡು. ಕಲ್ಲನ್ನೇ ನೋಡುತ್ತಾ ಹೋದರೆ ಸೈಕಲ್ ನೇರ ಕಲ್ಲಿಗೇ ಹೋಗುತ್ತದೆ. ನಾಲ್ಕೈದು ಮೀಟರ್ ಮುಂದೆ, ಹೋಗಬೇಕಾದ ಜಾಗ ನೋಡಿ. ಹಾಗಂತ ಸೈಕಲ್ ಮೇಲೆ ಕೂತು ಸಂಕ ದಾಟಲು ಹೋಗಬೇಡಿ, ಹೊತ್ತು ದಾಟಿ.

ನನಗೊಂದು ಗುಮಾನಿ ಇದೆ. ಹೊರಡುವ ಮೊದಲು ಹುಡುಗನ ಸೈಕಲ್ಲಿಗೆ ಪಂಪ್ ಹೊಡೆದಿರಿ. ಹೌದೋ ಅಲ್ಲವೋ? ಟೈರ್ ಕಲ್ಲಿನಂತಿರಬೇಕು ಅನ್ನುವುದು ನಮ್ಮ ರೋಡಿನವರ ಚಟ. 25 ಮಿ.ಮೀ. ಟೈರಿಗೆ 80-90 ಪಿಎಸ್‌ಐ ಗಾಳಿ ಹಾಕುವ ಕೈ, 2.2 ಇಂಚಿನ ಟೈರಿಗೂ ಹಾಗೇ ಹೊಡೆಯುತ್ತದೆ. ಗುಡ್ಡದಲ್ಲಿ ಅದು ಚೆಂಡಿನ ಹಾಗೆ ಪುಟಿಯುತ್ತದೆ. 70 ಕೆ.ಜಿ. ಆಳಿಗೆ, ಒಳಗೆ ಟ್ಯೂಬ್ ಇದ್ದರೆ, 25ರಿಂದ 30 ಸಾಕು. ಆಗ ಟೈರ್ ಬೇರು, ಕಲ್ಲುಗಳನ್ನು ಅಪ್ಪಿ ಹಿಡಿಯುತ್ತದೆ. ತೀರಾ ಇಳಿಸಿದರೆ ರಿಮ್ಮಿಗೂ ಕಲ್ಲಿಗೂ ನಡುವೆ ಟ್ಯೂಬ್ ಸಿಕ್ಕಿ, ಹಾವು ಕಚ್ಚಿದ ಹಾಗೆ ಜೋಡಿ ತೂತು ಬೀಳುತ್ತವೆ. ಮುಂದಿನ ಫೋರ್ಕಿನ ತಲೆಯ ಮೇಲೆ ಲಾಕ್ ತಿರುಪು ಇದ್ದರೆ ಅದು ತೆರೆದಿದೆಯೇ ನೋಡಿ, ಹಾಕಿದ್ದರೆ ಸಸ್ಪೆನ್ಷನ್ ಕುಗ್ಗುವುದಿಲ್ಲ. ನಾನು ಒಂದು ವಾರ ಲಾಕ್ ಹಾಕಿಕೊಂಡೇ ಓಡಿಸಿ, ಈ ಸಸ್ಪೆನ್ಷನ್ ಎಲ್ಲ ಬರೀ ಮೋಸ ಅಂತ ಊರಿಗೆಲ್ಲ ಹೇಳಿದ್ದೆ.

ವಯಸ್ಸಿನ ಮಾತು ಬಿಡಿ. ಈ ಆಟ ಬೆಳೆಸಿದ್ದೇ ನಿಮ್ಮಂಥ ರೋಡಿನವರು. ಕ್ಯಾಲಿಫೋರ್ನಿಯಾದ ಟಮಾಲ್ಪಾಯಿಸ್ ಬೆಟ್ಟದ ಸುತ್ತ 1970ರ ದಶಕದಲ್ಲಿ ಹಳೇ ದಪ್ಪ ಟೈರಿನ ಸೈಕಲ್ ಇಳಿಸುತ್ತಿದ್ದ ಗ್ಯಾರಿ ಫಿಶರ್, ಜೋ ಬ್ರೀಝ್ ಇಬ್ಬರೂ ರೋಡ್ ರೇಸಿನವರು. ಪೆಡಲ್ ಹಿಂದಕ್ಕೆ ತುಳಿದರೆ ಹಿಡಿಯುವ ಬ್ರೇಕು ಆ ಸೈಕಲ್‌ಗಳಿಗೆ. ಕೆಳಗೆ ಬರುವಷ್ಟರಲ್ಲಿ ಹಬ್ ಕಾದು ಗ್ರೀಸ್ ಹೊಗೆಯಾಗಿ ಹೋಗುತ್ತಿತ್ತು, ಮತ್ತೆ ತುಂಬಬೇಕಿತ್ತು. ಹಾಗಾಗಿ ಆ ದಾರಿಗೆ 'ರಿಪ್ಯಾಕ್' ಅಂತಲೇ ಹೆಸರು ಬಿತ್ತು. 1976ರಲ್ಲಿ ಅಲ್ಲಿ ರೇಸ್ ಶುರು. 1996ರಲ್ಲಿ ಅಟ್ಲಾಂಟಾ ಒಲಿಂಪಿಕ್ಸಿಗೇ ಬಂತು.

ಶುರು ಎಲ್ಲಿಂದ? ಚಾನಲ್ ಏರಿಯ ಮಣ್ಣು ದಾರಿ ಸಾಕು. ಆಮೇಲೆ ಭಾವನ ಗುಡ್ಡವೇ ಆಗಲಿ, ಅದೇ ನಾಲ್ಕು ಕಿ.ಮೀ. ಹತ್ತು ಸಲ. ದಾರಿಗೆ ಅಡ್ಡ ಇಟ್ಟ ಉಣುಗೋಲು ತೆಗೆದರೆ ಮತ್ತೆ ಹಾಕಿ. ದನ ತೋಟಕ್ಕೆ ನುಗ್ಗಿದರೆ ಭಾವ ಕಾಫಿ ಕೊಡಲಿಕ್ಕಿಲ್ಲ. ಶೆಟ್ಟಿಹಳ್ಳಿ ಅಭಯಾರಣ್ಯದ ದಾರಿಗಳಿಗೆ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಇಳಿಯಬೇಡಿ, ಅಲ್ಲಿ ಆನೆಗಳಿವೆ. ಕೊಡಚಾದ್ರಿಯ ಜೀಪ್ ದಾರಿ ಈ ವರ್ಷ ಬೇಡ. ಸ್ಪೀಡೋಮೀಟರ್ ಮನೆಯಲ್ಲಿಡಿ. ಮುಕ್ಕಾಲು ಗಂಟೆಗೆ ನಾಲ್ಕು ಕಿ.ಮೀ. ಹೊಸಬರಿಗೆ ಏನೂ ಕಡಿಮೆಯಲ್ಲ.

ಪ್ರಶ್ನೆ: ನನ್ನ ರೋಡ್ ಬೈಕಿಗೇ ದಪ್ಪ ಟೈರ್ ಹಾಕಿ ಕಾಡು ದಾರಿಗೆ ಹೋಗಬಹುದಾ?
– ಭದ್ರಾವತಿಯಿಂದ ಒಬ್ಬ ವಿದ್ಯಾರ್ಥಿ

ಉತ್ತರ: ರೋಡ್ ಬೈಕಿನ 700ಸಿ ಚಕ್ರಕ್ಕೂ ಮೌಂಟೇನ್ ಬೈಕಿನ 29 ಇಂಚಿನ ಚಕ್ರಕ್ಕೂ ಟೈರ್ ಕೂರುವ ಅಳತೆ ಒಂದೇ, 622 ಮಿ.ಮೀ. ಆದರೆ ಫ್ರೇಮಿನ ಸಂದಿಯಲ್ಲಿ ಜಾಗ ಬೇಕಲ್ಲ. ಹಳೇ ರೋಡ್ ಫ್ರೇಮುಗಳಲ್ಲಿ 28 ಮಿ.ಮೀ. ಹಿಡಿದರೆ ಪುಣ್ಯ. ಕೆಸರು ಸಿಕ್ಕಿದರೆ ಚಕ್ರವೇ ತಿರುಗುವುದಿಲ್ಲ. ಗಟ್ಟಿ ಮಣ್ಣಿನ ರಸ್ತೆಗೆ ಸರಿ, ಕಾಡು ದಾರಿಗೆ ಬೇಡ.

ಪ್ರಶ್ನೆ: ಮಗಳು ಸೈಕಲ್ ತಗೊಂಡು ಸೊಪ್ಪಿನ ಬೆಟ್ಟ ಸುತ್ತುತ್ತಾಳೆ. ನನಗೆ ಮಂಗನ ಕಾಯಿಲೆಯ ಭಯ. ತಡೆಯಲಾ?
– ತೀರ್ಥಹಳ್ಳಿಯ ತಾಯಿ

ಉತ್ತರ: ಭಯ ಸುಮ್ನೆ ಅಲ್ಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಾದ ಕಾಯಿಲೆ ಇದು. ಹರಡುವುದು ಉಣುಗಿನಿಂದ, ಅಂದರೆ ರಕ್ತ ಹೀರುವ ಉಣ್ಣೆ ಹುಳದಿಂದ. ಡಿಸೆಂಬರಿನಿಂದ ಮೇವರೆಗೆ ಕಾಟ ಜಾಸ್ತಿ. ಅಂದರೆ ಮಳೆ ಇಲ್ಲದೆ ದಾರಿ ಒಣಗಿ ಸೈಕಲ್ಲಿಗೆ ಚೆನ್ನಾಗಿರುವ ತಿಂಗಳುಗಳೇ. ಆಗ ಬೆಟ್ಟ ಬಿಟ್ಟು ಊರ ಮಣ್ಣು ರಸ್ತೆ ಸುತ್ತಲಿ. ಮಂಗ ಸತ್ತ ಸುದ್ದಿ ಬಂದ ಕಡೆಗಂತೂ ಕಾಲಿಡುವುದೇ ಬೇಡ, ಆರೋಗ್ಯ ಕೇಂದ್ರಕ್ಕೆ ತಿಳಿಸಿ. ಹೋಗಲೇಬೇಕೆಂದರೆ ಉದ್ದ ಪ್ಯಾಂಟು, ಅದರ ಮೇಲೆ ಎಳೆದ ಸಾಕ್ಸು, ಉಣುಗು ಹತ್ತದಂತೆ ಹಚ್ಚಿಕೊಳ್ಳಲು ಆರೋಗ್ಯ ಇಲಾಖೆ ಕೊಡುವ ಡೇಪಾ ಎಣ್ಣೆ. ದರಕಿನ ಮೇಲೆ ಕೂರುವುದು, ಮಲಗಿ ಫೋಟೋ ತೆಗೆಯುವುದು ಬೇಡ. ಬಂದ ಕೂಡಲೇ ಬಿಸಿನೀರು ಸ್ನಾನ, ಬಟ್ಟೆಯೂ ಬಿಸಿನೀರಿಗೆ. ಕಂಕುಳು, ಮಂಡಿಯ ಹಿಂಭಾಗ ನೋಡಿಕೊಳ್ಳಲಿ. ಉಣುಗು ಕಚ್ಚಿದ್ದರೆ ಚಿಮಟದಲ್ಲಿ ಚರ್ಮಕ್ಕೆ ತಾಗಿಸಿ ಹಿಡಿದು ನೇರ ಎಳೆಯಬೇಕು, ಉಗುರಿನಲ್ಲಿ ಹಿಸುಕಬಾರದು. ವಾರ ಹತ್ತು ದಿನದೊಳಗೆ ಜೋರು ಜ್ವರ, ತಲೆನೋವು, ಮೈಕೈ ನೋವು ಬಂದರೆ ಮಾತ್ರೆ ನುಂಗಿ ಮಲಗಿಸಬೇಡಿ. ಡಾಕ್ಟರ ಹತ್ತಿರ ಹೋಗಿ, ಬೆಟ್ಟಕ್ಕೆ ಹೋಗಿದ್ದಳು ಎಂದು ಮೊದಲೇ ಹೇಳಿ. ಮಳೆಗಾಲದಲ್ಲಿ ಇಂಬಳ (ಜಿಗಣೆ) ಹತ್ತಿಸಿಕೊಂಡು ಬಂದರೆ ಬೈಯಬೇಡಿ, ಅದರಿಂದ ಮಂಗನ ಕಾಯಿಲೆ ಬರುವುದಿಲ್ಲ.