ಹದಿನಾರು ವರ್ಗಗಳ ಸೂತ್ರ: ನನ್ನ ಚಿಹ್ನೆಗಳು ಎಲ್ಲಿ ತಪ್ಪುತ್ತಿವೆ?

ಎಂಟು ವರ್ಗಗಳ ಮೊತ್ತವನ್ನು ಇನ್ನೊಂದು ಅಂಥದೇ ಮೊತ್ತದಿಂದ ಗುಣಿಸಿದರೆ ಬರುವುದೂ ಎಂಟು ವರ್ಗಗಳ ಮೊತ್ತ ಎನ್ನುವ ಸೂತ್ರವನ್ನು ಇಮ್ಮಡಿಸಿ ಹದಿನಾರಕ್ಕೆ ಒಯ್ದಾಗ ಕೆಲವು ಅಡ್ಡಪದಗಳು (ವರ್ಗ ಬಿಡಿಸಿದಾಗ ಬರುವ 2ಕಖ ಬಗೆಯ ಪದಗಳು) ರದ್ದಾಗದೆ ಉಳಿಯುತ್ತಿವೆ, ಯಾವ ಚಿಹ್ನೆ ಬದಲಿಸಲಿ ಎಂದು ಕೇಳಿದ್ದೀರಿ. ಯಾವುದನ್ನೂ ಬದಲಿಸಬೇಡಿ. ಇದೇ 16×16, ಅಂದರೆ 256 ಮನೆಗಳ ಗುಣಾಕಾರ ಪಟ್ಟಿ ಹಿಡಿದು ನಾನೂ ಕೂತಿದ್ದೆ. ನಿಮ್ಮ ಪಟ್ಟಿ ಸರಿಯಾಗಿಯೇ ಇದೆ. ನೀವು ಹುಡುಕುತ್ತಿರುವ ಸೂತ್ರವೇ ಇಲ್ಲ.

ನನ್ನ ದಾರಿ ತಪ್ಪಿಸಿದ್ದು ಸಂಖ್ಯೆಗಳನ್ನು ಹಾಕಿ ನೋಡುವ ಪರೀಕ್ಷೆ. ಮೂರು ವರ್ಗಗಳಿಗೆ ಅದು ಸಾಕು: 3 = 1+1+1, 5 = 4+1+0, ಆದರೆ ಇವುಗಳ ಗುಣಲಬ್ಧ 15 ಮೂರು ವರ್ಗಗಳ ಮೊತ್ತವಲ್ಲ. ಅಲ್ಲಿಗೆ ಮೂರರ ಸೂತ್ರ ಬಿದ್ದುಹೋಯಿತು. ಅದೇ ನಂಬಿಕೆಯಲ್ಲಿ ಹದಿನಾರಕ್ಕೂ ಗುಣಿಸುತ್ತಾ ಹೋದೆ. ಪ್ರತಿ ಸಲವೂ ಗುಣಲಬ್ಧ ಹದಿನಾರು ವರ್ಗಗಳ ಮೊತ್ತವೇ! ಸೂತ್ರ ಇದ್ದೇ ಇದೆ, ಚಿಹ್ನೆಯಷ್ಟೇ ಹೊಂದಬೇಕು ಎಂದುಕೊಂಡೆ. ಆದರೆ ಯಾವುದೇ ಸ್ವಾಭಾವಿಕ ಸಂಖ್ಯೆ ನಾಲ್ಕು ವರ್ಗಗಳ ಮೊತ್ತ ಎಂದು ಲಗ್ರಾಂಜ್ 1770ರಲ್ಲೇ ಸಾಧಿಸಿದ್ದ. ಉಳಿದ ಹನ್ನೆರಡು ಜಾಗಕ್ಕೆ ಸೊನ್ನೆ ಹಾಕಿದರಾಯಿತು. ಸೋಲಲು ಸಾಧ್ಯವೇ ಇಲ್ಲದ ಪರೀಕ್ಷೆ ಗೆದ್ದರೆ ಏನೂ ತಿಳಿದಂತಲ್ಲ. ಗುಣಲಬ್ಧ ವರ್ಗಗಳ ಮೊತ್ತವೇ ಎಂಬುದು ಒಂದು ಪ್ರಶ್ನೆ. ಬ್ರಹ್ಮಗುಪ್ತನ ‘ಭಾವನಾ’ ಎಂಬ ಗುಣಾಕಾರ ಸೂತ್ರದಲ್ಲಿರುವಂತೆ (628), ಎಲ್ಲ ಬೆಲೆಗಳಿಗೂ ಒಂದೇ ಸೂತ್ರ, ಅದೂ ಛೇದವಿಲ್ಲದೆ, ಗುಣಿಸುವ ಎರಡೂ ಮೊತ್ತಗಳ ಚರಾಕ್ಷರಗಳು ಮೊದಲ ಘಾತದಲ್ಲೇ ಇರುವ ಸೂತ್ರ ಇದೆಯೇ ಎಂಬುದು ಬೇರೆಯೇ ಪ್ರಶ್ನೆ. ಇವೆರಡನ್ನೂ ಒಂದೇ ಎಂದುಕೊಂಡದ್ದು ನನ್ನ ತಪ್ಪು.

ನಿಮ್ಮ ಅಡ್ಡಪದಗಳು ಉಳಿಯುವ ಜಾಗ ಇದು. ಇಮ್ಮಡಿಸುವ ನಿಯಮ (ಅ, ಬ)(ಚ, ಡ) = (ಅ·ಚ − ಡ*·ಬ, ಡ·ಅ + ಬ·ಚ*); ಅ, ಬ, ಚ, ಡ ಅರ್ಧದಷ್ಟು ಘಟಕಗಳಿರುವ ಸಂಖ್ಯೆಗಳು; ನಕ್ಷತ್ರ ಇರುವುದು ಸಂಯುಗ್ಮ (ಕಾಲ್ಪನಿಕ ಘಟಕಗಳ ಚಿಹ್ನೆ ತಿರುಗಿಸಿದ್ದು). ಎರಡೂ ಭಾಗಗಳ ಮಾನವರ್ಗ (ಘಟಕಗಳ ವರ್ಗಗಳ ಮೊತ್ತ) ಕೂಡಿಸಿ. ಮೊದಲನೆಯದರಿಂದ (ಅ·ಚ)(ಬ*·ಡ) ಎಂಬುದರ ವಾಸ್ತವ ಭಾಗ −2 ಪಟ್ಟು, ಎರಡನೆಯದರಿಂದ (ಡ·ಅ)(ಚ·ಬ*) ಎಂಬುದರ ವಾಸ್ತವ ಭಾಗ +2 ಪಟ್ಟು ಬರುತ್ತದೆ. ಇವು ರದ್ದಾಗಬೇಕಾದರೆ (ಅ·ಚ)·ಬ* ಮತ್ತು ಅ·(ಚ·ಬ*) ಒಂದೇ ಆಗಬೇಕು, ಅಂದರೆ ಸಹವರ್ತನೀಯ ನಿಯಮ ಬೇಕು. ನಾಲ್ಕು ಘಟಕಗಳ ಕ್ವಾಟರ್ನಿಯನ್‌ಗಳಲ್ಲಿ ಅದು ಇದೆ, ಹಾಗಾಗಿ ಎಂಟು ಸಿಕ್ಕಿತು. ಎಂಟು ಘಟಕಗಳ ಆಕ್ಟೋನಿಯನ್‌ಗಳಲ್ಲಿ ಇಲ್ಲ.

ಕೈಯಾರೆ ಮಾಡಿ ನೋಡಿ. ಇ, ಜ, ಕ, ಲ ಆಕ್ಟೋನಿಯನ್‌ಗಳ ಕಾಲ್ಪನಿಕ ಏಕಕಗಳು (ಪ್ರತಿಯೊಂದರ ವರ್ಗ −1); ಇ·ಜ = ಕ, ಲ ಎಂಬುದು ಈ ಮೂರರ ಹೊರಗಿನದು. (ಇ, −ಲ) ಅನ್ನು (ಜ, −ಕ·ಲ) ದಿಂದ ಗುಣಿಸಿ. ಮೊದಲ ಭಾಗ ಕ − (ಕ·ಲ)(−ಲ) = ಕ − ಕ = 0. ಎರಡನೆಯದು −(ಕ·ಲ)·ಇ + ಲ·ಜ = ಜ·ಲ − ಜ·ಲ = 0. ಎರಡರ ಮಾನವರ್ಗವೂ 2. ಗುಣಲಬ್ಧದ್ದು 4 ಆಗಬೇಕಿತ್ತು, ಸೊನ್ನೆ ಆಯಿತು.

ಬೇರೆ ನಿಯಮದಿಂದ ಸಾಧ್ಯವಾದೀತೇ? ಇಲ್ಲ. 1, 2, 4, 8 ಬಿಟ್ಟರೆ ಬೇರೆ ಇಲ್ಲವೆಂದು ಹುರ್ವಿಟ್ಸ್ 1898ರಲ್ಲಿ ತೋರಿಸಿದ. ಹದಿನಾರಕ್ಕೆ ಸೂತ್ರವಿದ್ದರೆ ಪರಸ್ಪರ ಪ್ರತಿಪರಿವರ್ತನೀಯವಾದ (ಕ್ರಮ ಬದಲಿಸಿದರೆ ಗುಣಲಬ್ಧದ ಚಿಹ್ನೆ ತಿರುಗುವ), ವರ್ಗ −1 ಆಗುವ 15 ಮಾತೃಕೆಗಳು ಬೇಕು. ಅವುಗಳ ಗುಣಲಬ್ಧಗಳಲ್ಲಿ ಕನಿಷ್ಠ 2¹⁴ = 16384 ರೇಖೀಯವಾಗಿ ಸ್ವತಂತ್ರ. 16×16 ಮಾತೃಕೆಗಳಲ್ಲಿ ಇರುವ ಜಾಗವೇ 256. ಎಂಟಕ್ಕೆ ಮಾತ್ರ ಬೇಕಾದ್ದು 2⁶ = 64, 8×8ರಲ್ಲಿ ಇರುವ ಜಾಗವೂ 64, ಅಳತೆ ಮಾಡಿ ಹೊಲಿಸಿದಂತೆ.

ಛೇದ ಇದ್ದರೂ ಪರವಾಗಿಲ್ಲ ಎಂದರೆ ಮಾತು ಬೇರೆ: 2ರ ಯಾವ ಘಾತಕ್ಕಾದರೂ ಸೂತ್ರ ಸಿಗುತ್ತದೆ, ಇದು ಫಿಸ್ಟರ್ 1965ರಲ್ಲಿ ಕೊಟ್ಟ ಫಲಿತಾಂಶ. ಹದಿನಾರಕ್ಕೆ, ಎಡಗಡೆಯ ಒಂದು ಮೊತ್ತದ ಮೊದಲ ಎಂಟು ವರ್ಗಗಳನ್ನು ಕೂಡಿದ್ದು ಛೇದದಲ್ಲಿ ಕೂರುತ್ತದೆ. ಅದು ಸೊನ್ನೆಯಾದಾಗ ಉಳಿದ ಎಂಟನ್ನು ಮುಂದಕ್ಕೆ ತನ್ನಿ. ಛೇದ ಬೇಡ, ಬಲಗಡೆ 32 ವರ್ಗಗಳಿದ್ದರೂ ಆದೀತು ಎಂದರೆ ಎರಡೂ ಮೊತ್ತಗಳನ್ನು 8+8 ಆಗಿ ಒಡೆದು ಎಂಟರ ಸೂತ್ರವನ್ನೇ ನಾಲ್ಕು ಸಲ ಹಾಕಿ.

ಇಷ್ಟಾದರೂ ನಿಮ್ಮ ಪಟ್ಟಿಯನ್ನು ಎಸೆಯಬೇಡಿ. ಬ ದ ಏಳು ಕಾಲ್ಪನಿಕ ಘಟಕಗಳಿಗೆ ಸೊನ್ನೆ ಹಾಕಿ, ವಾಸ್ತವ ಘಟಕವೊಂದನ್ನೇ ಉಳಿಸಿ. ಬ ವಾಸ್ತವವಾದರೆ ಆವರಣ ಎಲ್ಲಿದ್ದರೂ ಒಂದೇ, ಅಡ್ಡಪದಗಳೆಲ್ಲ ಹೋಗುತ್ತವೆ. 9 ವರ್ಗಗಳ ಮೊತ್ತ ಗುಣಿಸು 16 ವರ್ಗಗಳ ಮೊತ್ತ, ಬಲಗಡೆ 16 ವರ್ಗ, ಛೇದವಿಲ್ಲ. ಉಳಿದ ಎರಡೂ 16ಗಳನ್ನು ಹಾಗೆಯೇ ಇಟ್ಟುಕೊಂಡು ಈ 9ನ್ನು 10 ಮಾಡಲು ಯಾವ ಪಟ್ಟಿಯಿಂದಲೂ ಆಗದು.